ಮೊದಲೇ ಹಾಕಿದ ಸಹಿ

"ಮಿಸ್, ಕೋಲಾರದಲ್ಲಿ ನಮ್ಮಮ್ಮ ಸೀರಿಯಸ್ಸು. ಬೇಗ ಒಂದು ಕಾರ್ ಕೊಡಿಸ್ಬಿಡಿ," ಎನ್ನುತ್ತ ಸಿಂಗಪುರದಿಂದ ಬಂದಿದ್ದ ಒಬ್ಬರು ಟ್ರಾವೆಲರ್ಸ್ ಚೆಕ್ ಮುಂದಿಟ್ಟರು. ಅರವತ್ತರ ದಶಕದ ಒಂದು ಭಾನುವಾರ. ಶಿವಾಜಿನಗರದ ಬಾಡಿಗೆ ಕಾರಿನ ಆಫೀಸಿನಲ್ಲಿ ನಾನು ಕ್ಲರ್ಕ್. ಅಂಥ ಚೆಕ್ಕಿಗೆ ಬ್ಯಾಂಕಿನಲ್ಲಿ ಕೊಳ್ಳುವಾಗ ಒಂದು ಸಹಿ; ಅದರೊಂದಿಗೆ ತಾಳೆ ನೋಡಲು ಎರಡನೆಯದನ್ನು ನನ್ನೆದುರೇ ಹಾಕಬೇಕಿತ್ತು. ಹೊತ್ತು ಉಳಿಯಲೆಂದು ಅವರು ದಾರಿಯಲ್ಲೇ ಹಾಕಿಬಿಟ್ಟಿದ್ದರು.

"ಸಾರಿ ಸರ್, ರೂಲ್ಸ್ ಒಪ್ಪಲ್ಲ. ನಾಳೆ ಬ್ಯಾಂಕಿಗೆ ಹೋಗಿ," ಎಂದೆ, ಕಾನ್ವೆಂಟಿನಲ್ಲಿ ಕಲಿತ ಪೊಲೈಟ್ ದನಿಯಲ್ಲಿ.

ಸೂಟ್‌ಕೇಸನ್ನು ನಮ್ಮಲ್ಲೇ ಬಿಟ್ಟು ಬಸ್ಸಿಗೆ ಓಡಿದರು. ಎರಡು ವಾರದ ಮೇಲೆ ಅದನ್ನು ಒಯ್ಯಲು ಬಂದಾಗ ತಲೆ ಬೋಳಿಸಿಕೊಂಡಿದ್ದರು. "ಅರ್ಧ ಗಂಟೆ ಲೇಟಾಯ್ತು, ಮಿಸ್," ಎಂದರು, ಅಷ್ಟೆ.

ಚೆಕ್ಕಿನ ಹಿಂಬದಿಯಲ್ಲಿ ಇನ್ನೊಮ್ಮೆ ಸಹಿ ಹಾಕಿಸಿ ಹೋಲಿಸಿ ನೋಡಿದ್ದರೆ ಸಾಕಿತ್ತೆಂದು ಮ್ಯಾನೇಜರ್ ಆಮೇಲೆ ಹೇಳಿದರು. ಪೆನ್ನು ಅವತ್ತು ನನ್ನ ಕೈಯಲ್ಲೇ ಇತ್ತು.