ಗೇರುಮರದ ಕೆಳಗಿನ ಸಮಾಧಿಗೆ ಮಲ್ಲಿಗೆ

ಉಡುಪಿ ಬಳಿಯ ಶಂಕರಪುರಕ್ಕೆ ಬಂದ ಮೊದಲ ಬೆಳಿಗ್ಗೆ ನನಗೆ ಎಚ್ಚರವಾದದ್ದು ಸಾವಿನ ಮನೆಯ ವಾಸನೆಗೆ. ವರ್ಷದ ಹಿಂದೆ ಗದಗಿನ ಮನೆಯಲ್ಲಿ ನನ್ನ ಗಂಡ ಸಾಮುವೇಲನ ಶವಪೆಟ್ಟಿಗೆಯ ಸುತ್ತ ಇದೇ ವಾಸನೆ ಇತ್ತು. ಎದ್ದು ಕಿಟಕಿ ತೆರೆದರೆ ಅಂಗಳದ ತುಂಬ ಮಲ್ಲಿಗೆ ಗಿಡಗಳು. ಪಕ್ಕದ ಮನೆಯ ಅಂಗಳದಲ್ಲೂ ಮಲ್ಲಿಗೆ, ಅದರಾಚೆಯೂ ಮಲ್ಲಿಗೆ. ಊರಿಗೆ ಊರೇ ಮಲ್ಲಿಗೆ ಬೆಳೆಯುತ್ತಿತ್ತು. ದೇವರೇ, ಎಲ್ಲಿಗೆ ತಂದು ಹಾಕಿದೆ ನನ್ನನ್ನು ಎಂದು ಕಿಟಕಿ ಮುಚ್ಚಿ ಕುಳಿತೆ.

ಅದು ೧೯೭೪ರ ಜೂನ್. ಗದಗಿನ ನಮ್ಮ ಸಭೆಯವರು, ಕಡಲ ಸೀಮೆಯಲ್ಲಿ ಇಷ್ಟು ವರ್ಷ ಏನು ಮಾಡಿದಿ, ನಮ್ಮ ಪತ್ರಿಕೆಗೆ ಬರೆದು ಕಳಿಸು ಎಂದಿದ್ದೀರಿ. ಬರೆಯುತ್ತೇನೆ. ಸಾಮುವೇಲ ತೀರಿಕೊಂಡ ಮೇಲೆ ನಾನು ಮೇಷ್ಟ್ರಗಿತ್ತಿ ಕೆಲಸ ಹುಡುಕಿಕೊಂಡು ಇಷ್ಟು ದೂರ ಬಂದದ್ದೇಕೆ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಸತ್ಯ ಹೇಳಲೇ? ನಿಮ್ಮ ಕನಿಕರ ತಾಳಲಾರದೆ ಬಂದೆ. ಇಲ್ಲಿ ಯಾರಿಗೂ ಸಾಮುವೇಲನ ಗುರುತಿಲ್ಲ, ಹಾಗಾಗಿ ಯಾರೂ ನನ್ನನ್ನು ಕಂಡೊಡನೆ ಅಯ್ಯೋ ಅನ್ನುವುದಿಲ್ಲ ಎಂದುಕೊಂಡಿದ್ದೆ. ಅದು ನಿಜವೇ ಆಯಿತು. ಆದರೆ ಅಯ್ಯೋ ಅನ್ನುವವರೇ ಇಲ್ಲದ ಊರಿನಲ್ಲಿ ಇರುವುದು ಎಷ್ಟು ಕಷ್ಟ ಎಂಬುದು ಬಂದ ಮೇಲೆ ಗೊತ್ತಾಯಿತು.

ನನಗೆ ಕೋಣೆ ಬಾಡಿಗೆಗೆ ಕೊಟ್ಟವರು ಸಿಸಿಲಿಬಾಯಿ. ಬಾಯಿ ಎನ್ನುವುದು ಇಲ್ಲಿನ ಕಥೋಲಿಕ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಆಗ ಅವರಿಗೆ ಐವತ್ತರ ಮೇಲೆ ವಯಸ್ಸು. ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು, ಒಬ್ಬಳೇ ಮಗಳು ಮದುವೆಯಾಗಿ ಕಾರ್ಕಳದಲ್ಲಿದ್ದಳು. ಕಟ್ಟುಮಸ್ತಾದ ಹೆಂಗಸು. ಬಲಗೈಯ ತೋರುಬೆರಳು ಮಾತ್ರ ಸೊಟ್ಟ. ನಾನು ವಿಧವೆ ಎಂದು ತಿಳಿದಾಗ ಅವರು, "ಹೌದಾ? ನಾನೂ ಹಾಗೆಯೇ. ಬಾವಿ ಹಿಂದೆ ಉಂಟು, ಹಗ್ಗ ಸ್ವಲ್ಪ ಗಿಡ್ಡ," ಎಂದು ಹೇಳಿ ಹೋಗಿದ್ದರು.

ಭಾಷೆಯ ಫಜೀತಿ ಕೇಳಿ. ಕನ್ನಡ ಕಲಿಸಲು ಬಂದವಳು ನಾನು, ಇಲ್ಲಿ ಕನ್ನಡ ಯಾರ ಮನೆಯಲ್ಲೂ ಇಲ್ಲ. ಕ್ರೈಸ್ತರ ಮನೆಯಲ್ಲಿ ಕೊಂಕಣಿ, ಉಳಿದವರ ಮನೆಯಲ್ಲಿ ತುಳು. ಕನ್ನಡ ಏನಿದ್ದರೂ ಶಾಲೆಗೆ, ಕಚೇರಿಗೆ, ನನ್ನಂಥ ಪರವೂರಿನವರಿಗೆ. ಅದಕ್ಕೇ ಅವರು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಕನ್ನಡವನ್ನು ಮಡಿಕೆ ಕೆಡದಂತೆ ಆಡುತ್ತಿದ್ದರು. ನಾನು "ಬರ್ರಿ, ಕುಂದರ್ರಿ" ಎಂದರೆ ತರಗತಿಯಿಡೀ ನಗುತ್ತಿತ್ತು. ಊಟದ ಕಥೆಯೂ ಅಷ್ಟೇ. ರೊಟ್ಟಿ ತಟ್ಟೋಣವೆಂದು ಜೋಳದ ಹಿಟ್ಟು ಹುಡುಕಿಕೊಂಡು ಉಡುಪಿಯ ಅಂಗಡಿ ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದೆ. ಕುಚ್ಚಲಕ್ಕಿಯ ಗಂಜಿ ಗಂಟಲಿಗೆ ಇಳಿಯಲು ಆರು ತಿಂಗಳು ಬೇಕಾಯಿತು. ಈಗ ಊರಿಗೆ ಬಂದರೆ ಮೂರನೇ ದಿನಕ್ಕೇ ಗಂಜಿ ನೆನಪಾಗುತ್ತದೆ, ಬೇಸರಿಸಬೇಡಿ.

ಹುಟ್ಟಿದಾಗಿನಿಂದ ಕಡಲು ಕಂಡವಳಲ್ಲ. ಬಾಯಿ ಒಂದು ಭಾನುವಾರ ಕಾಪುವಿಗೆ ಕರೆದುಕೊಂಡು ಹೋದರು. ದೀಪಸ್ತಂಭದ ಬಂಡೆಯ ಮೇಲೆ ನಿಂತು ಅಷ್ಟು ನೀರು ನೋಡಿ ನಾನು ಅತ್ತುಬಿಟ್ಟೆ. ಸಾಮುವೇಲ ರೈಲ್ವೆಯಲ್ಲಿದ್ದವನು, ಒಂದು ಸಲ ಪಾಸ್ ತೆಗೆಸಿ ಕಡಲು ತೋರಿಸುತ್ತೇನೆ ಎನ್ನುತ್ತಿದ್ದ. ಅತ್ತು ಮುಗಿಯುವ ತನಕ ಬಾಯಿ ನನ್ನ ಸೆರಗು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು.

ಮಳೆ ಮುಗಿದ ಮೇಲೆ ನಾನು ಮಲ್ಲಿಗೆ ಕಲಿತೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ನಮ್ಮ ಕಡೆ ಹೂವನ್ನು ಮೊಳದಲ್ಲಿ ಅಳೆದರೆ ಇಲ್ಲಿ ಎಣಿಸುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಾನು ಕಟ್ಟಿದ್ದು ಮೊದಮೊದಲು ಮುಟ್ಟಿದರೆ ಉದುರುತ್ತಿತ್ತು. ಬಾಯಿ ಸೊಟ್ಟ ಬೆರಳಿನಲ್ಲೇ ನಾರು ಸುತ್ತಿ, ನಾನು ಹತ್ತು ಹೂ ಕಟ್ಟುವಷ್ಟರಲ್ಲಿ ನೂರು ಕಟ್ಟುತ್ತಿದ್ದರು. ಊರಿನ ಹೆಂಗಸರ ತಲೆಗೆಲ್ಲ ಹೂ ಕಟ್ಟುವ ನಾವಿಬ್ಬರೂ ಒಂದು ಎಸಳನ್ನೂ ಮುಡಿಯುತ್ತಿರಲಿಲ್ಲ. ವಿಧವೆಗೆ ಹೂವಿಲ್ಲ ಎನ್ನುವ ವಿಷಯದಲ್ಲಿ ಮಾತ್ರ ಗದಗಿಗೂ ಶಂಕರಪುರಕ್ಕೂ, ನಮ್ಮ ಪ್ರಾಟೆಸ್ಟಂಟ್ ಸಭೆಗೂ ಇಗರ್ಜಿ ಎನ್ನುವ ಅವರ ಕಥೋಲಿಕ ಚರ್ಚಿಗೂ ಯಾವ ಭೇದವೂ ಇರಲಿಲ್ಲ.

ಹೀಗೆ ವರ್ಷ ಉರುಳಿ ಪುನರುತ್ಥಾನದ ಹಬ್ಬ, ಈಸ್ಟರ್, ಬಂತು. ನಮ್ಮಲ್ಲಿ ಆ ದಿನ ಸೂರ್ಯ ಹುಟ್ಟುವ ಮುಂಚೆ ಏನು ಮಾಡುತ್ತೇವೆಂದು ನಿಮಗೆ ಹೇಳಬೇಕಾಗಿಲ್ಲ. ಮೊಂಬತ್ತಿ ಹಿಡಿದು ಹಾಡುತ್ತ ಸ್ಮಶಾನಕ್ಕೆ ಹೋಗುತ್ತೇವೆ, ನಮ್ಮ ನಮ್ಮವರ ಗೋರಿಗೆ ಹೂ ಇಟ್ಟು, ಕರ್ತನು ಎದ್ದಿದ್ದಾನೆ, ನೀವೂ ಏಳುತ್ತೀರಿ ಎಂದು ಹೇಳಿ ಬರುತ್ತೇವೆ. ಕಥೋಲಿಕರಲ್ಲಿ ಸಮಾಧಿಗಳಿಗೆ ಹೋಗುವ ದಿನ ನವೆಂಬರಿನಲ್ಲಿ ಎಂಬುದು ನನಗೆ ಗೊತ್ತಿರಲಿಲ್ಲ. ಅವರು ಪಾಸ್ಕ ಎನ್ನುವ ಈ ಹಬ್ಬವೆಂದರೆ ಅವರಿಗೆ ಶನಿವಾರ ರಾತ್ರಿಯ ಪೂಜೆ. ಬಾಯಿ ಅದನ್ನು ಮುಗಿಸಿ ಬಂದು ಮಲಗಿದ್ದರು. ನಾನು ಎದ್ದು, ಒಂದು ಬೊಗಸೆ ಮೊಗ್ಗು ಕೊಯ್ದು, ಕಟ್ಟಿ, ಒಬ್ಬಳೇ ಅವರ ಇಗರ್ಜಿಯ ಸ್ಮಶಾನಕ್ಕೆ ಹೋದೆ. ಸಾಮುವೇಲನ ಗೋರಿ ಗದಗಿನಲ್ಲಿ. ಯಾರದ್ದಾದರೂ ಒಂದಕ್ಕೆ ಇಟ್ಟರೆ ಅವನಿಗೆ ಮುಟ್ಟಿದ ಹಾಗೆ ಎಂದುಕೊಂಡೆ. ಉಳಿದವೆಲ್ಲ ಸುಣ್ಣ ಬಳಿದು ಚೆನ್ನಾಗಿದ್ದವು. ಬೇಲಿಯ ಮೂಲೆಯಲ್ಲಿ ಗೇರುಮರದ ಕೆಳಗೆ ಒಂದು ಮಾತ್ರ ಮುಳ್ಳುಗಿಡ ಮುಚ್ಚಿ, ಮರದ ಶಿಲುಬೆ ಬಿದ್ದು, ದಿಕ್ಕಿಲ್ಲದ ಹಾಗಿತ್ತು. ಕೈ ಗೀರಿಸಿಕೊಂಡು ಮುಳ್ಳು ಕಿತ್ತೆ, ಮಲ್ಲಿಗೆ ಇಟ್ಟೆ, ಹಾಡಿದೆ. ಎರಡು ವರ್ಷದಲ್ಲಿ ಮೊದಲ ಬಾರಿ ಮನಸ್ಸು ಹಗುರವಾಯಿತು.

ಬೆಳಗಿನ ತಿಂಡಿಗೆ ಬಾಯಿ ಸನ್ನ ಎಂಬ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಹಿಟ್ಟಿನ ಕಡುಬು ಬಡಿಸುತ್ತಿದ್ದರು. ನಾನು ಖುಷಿಯಿಂದ ಎಲ್ಲ ಹೇಳಿದೆ.

"ಹಬ್ಬದ ದಿವಸ ಸ್ಮಶಾನಕ್ಕಾ? ನಿಮ್ಮದು ಎಂತ ಕ್ರಮ ಮಾರಾಯ್ರೆ!" ಎಂದು ನಕ್ಕರು. "ಯಾರದ್ದು, ಯಾವ ಸಮಾಧಿ?"

"ಮೂಲ್ಯಾಗ, ಗೇರುಮರದ ಬುಡಕ್ಕರಿ. ಯಾರೋ ಪಾಪ, ನೋಡವರ ಇಲ್ಲದವರು."

ಬಾಯಿ ಬಡಿಸುವುದನ್ನು ನಿಲ್ಲಿಸಿದರು. ಸನ್ನದ ತಟ್ಟೆ ಕೆಳಗಿಟ್ಟರು.

"ಅದು ನನ್ನ ಗಂಡ," ಎಂದರು.

ಅವರು ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದರು. "ಈ ಬೆರಳು ನೋಡಿದ್ದೀರಲ್ಲ, ಒಂದು ದಿನವಾದರೂ ಕೇಳಲಿಲ್ಲ ನೀವು. ನಾನು ಮೊದಲು ನೆಟ್ಟ ಮಲ್ಲಿಗೆ ಗಿಡ ಅಷ್ಟನ್ನೂ ಅವನು ಕಿತ್ತು ಹಾಕಿದ. ಹೆಂಗಸಿಗೆ ಎಂತಕ್ಕೆ ಸ್ವಂತ ಸಂಪಾದನೆ ಅಂತ. ತಡೆಯಲು ಹೋದದ್ದಕ್ಕೆ ಈ ಬೆರಳು ಮುರಿದ. ಅವನು ಸತ್ತ ಮೇಲೆ ನೆಟ್ಟದ್ದು ಈ ಗಿಡಗಳು. ಹನ್ನೊಂದು ವರ್ಷದಲ್ಲಿ ಒಂದು ಹೂ ಅವನಿಗೆ ಕೊಟ್ಟವಳಲ್ಲ ನಾನು. ನೀವು ಯಾರು ಕೊಡಲಿಕ್ಕೆ?"

ತಿಂಗಳ ಕೊನೆಗೆ ಬೇರೆ ಕೋಣೆ ನೋಡಿಕೊಳ್ಳಬೇಕೆಂದರು. ನನಗೆ ಆ ಊರಿನಲ್ಲಿ ಇದ್ದದ್ದು ಅವರೊಬ್ಬರೇ. ಕೋಣೆ ಇನ್ನೊಂದು ಸಿಗುತ್ತಿತ್ತು, ಸಿಸಿಲಿಬಾಯಿ ಇನ್ನೊಬ್ಬರು ಸಿಗುತ್ತಿರಲಿಲ್ಲ. ವಾರವಿಡೀ ಅವರು ಅಂಗಳದಲ್ಲಿ ಬೆನ್ನು ತಿರುಗಿಸಿಕೊಂಡು ಹೂ ಕೊಯ್ದರು. ನಾನು ಟ್ರಂಕಿಗೆ ಬಟ್ಟೆ ತುಂಬಿದೆ. ಗದಗಿಗೆ ವಾಪಸು ಬಂದುಬಿಡೋಣ ಎಂದು ಸಾಮುವೇಲನ ತಾಯಿ, ನನ್ನ ಅತ್ತೆಗೆ, ಕಾಗದವನ್ನೂ ಬರೆದೆ, ಅಂಚೆಗೆ ಹಾಕಿರಲಿಲ್ಲ.

ಮುಂದಿನ ಭಾನುವಾರ ಇಗರ್ಜಿಯಿಂದ ಬಂದ ಬಾಯಿ ನೇರವಾಗಿ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಹಬ್ಬದ ಮರುವಾರ ಓದುವುದು ತೋಮನ ಕಥೆ, ನಿಮಗೂ ಗೊತ್ತು. ಎದ್ದು ಬಂದ ಯೇಸುವಿನ ಕೈಯ ಗಾಯ ನೋಡದೆ ನಂಬುವುದಿಲ್ಲ ಎಂದವನು.

"ಟೀಚರ್, ನೀವು ಓದಿದವರು. ಒಂದು ಹೇಳಿ. ಎದ್ದ ಮೇಲೂ ಯೇಸುವಿನ ಕೈಯಲ್ಲಿ ಗಾಯ ಹಾಗೆಯೇ ಇತ್ತು, ಅಲ್ವಾ?"

"ಇತ್ತರಿ."

"ಹಾಗಾದರೆ ನಾನು ಏಳುವಾಗ ಈ ಬೆರಳೂ ಹೀಗೆಯೇ ಇರುತ್ತದಾ? ಎಲ್ಲರೂ ಏಳುವುದಾದರೆ ಅವನೂ ಏಳುತ್ತಾನಲ್ಲ? ಆಗ ಇದನ್ನು ನೋಡಬೇಕಾಗುತ್ತದಲ್ಲ ಅವನು?"

ಗದಗಿನಲ್ಲಿ ಭಾನುವಾರದ ಮಕ್ಕಳ ಶಾಲೆಯಲ್ಲಿ ನಾನು ಕಲಿಸಿದ ಪುನರುತ್ಥಾನದಲ್ಲಿ ನಮಗೆ ಬೇಕಾದವರು ಮಾತ್ರ ಏಳುತ್ತಿದ್ದರು. ಸಾಮುವೇಲ ಎದ್ದು ನನ್ನ ಕೈ ಹಿಡಿಯುವ ತನಕ ಹೇಗೋ ದಿನ ದೂಡುವುದು, ಅಷ್ಟೇ ಆಗಿತ್ತು ನನ್ನ ನಂಬಿಕೆ. ಬೇಡವಾದವರೂ ಏಳುತ್ತಾರೆ, ಅವರ ಎದುರು ನಾವು ಗಾಯ ಮುಚ್ಚದೆ ನಿಲ್ಲಬೇಕಾಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ಲರಿ ಬಾಯಿ," ಎಂದೆ. "ಆದರ ನೋಡಬೇಕಾಗತೈತಿ ಅನ್ನಸತೈತಿ."

"ನೋಡಲಿ," ಎಂದರು. "ಮುಳ್ಳು ಅರ್ಧ ಮಾತ್ರ ತೆಗೆದಿದ್ದೀರಂತೆ. ಕತ್ತಿ ತರುತ್ತೇನೆ, ಬನ್ನಿ," ಎಂದರು.

ಹೋಗಿ ಮುಳ್ಳೆಲ್ಲ ಕಡಿದೆವು, ಶಿಲುಬೆ ಎತ್ತಿ ನಿಲ್ಲಿಸಿದೆವು. ನಾನಿಟ್ಟ ಮಲ್ಲಿಗೆ ಒಣಗಿ ಕಂದಾಗಿತ್ತು. ಅದನ್ನು ಅವರು ಎತ್ತಿ ಬಿಸಾಡಲಿಲ್ಲ. ಅವರಿಗೆ ಅಳು ಬರಲಿಲ್ಲ, ನನಗೆ ಬಂತು. ದಾರಿಯಲ್ಲಿ, "ಕ್ಷಮಿಸಿದೆ ಅಂತ ಯಾರಿಗೂ ಹೇಳಬೇಡಿ. ಇನ್ನೂ ಇಲ್ಲ. ಜಾಗ ಸ್ವಚ್ಛ ಮಾಡಿದ್ದೇನೆ, ಅಷ್ಟೇ," ಎಂದರು. ಅವರ ಮಾತಿನಂತೆಯೇ ಬರೆದಿದ್ದೇನೆ. ಕೋಣೆ ಬಿಡುವ ಮಾತು ಮತ್ತೆ ಬರಲಿಲ್ಲ. ಅತ್ತೆಗೆ ಬರೆದ ಕಾಗದವನ್ನು ಒಲೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟಾಗ ಬಾಯಿ ಒಂದು ತುಂಡು ಮಾಲೆ ಹಿಡಿದು ಬಂದರು. "ಸತ್ತವನಿಗೆ ಕೊಟ್ಟಾಯಿತು. ಬದುಕಿದ್ದವರು ಎಂತ ತಪ್ಪು ಮಾಡಿದ್ದು? ತಿರುಗಿ ನಿಲ್ಲಿ," ಎಂದು ನನ್ನ ಜಡೆಗೆ ಸಿಕ್ಕಿಸಿದರು. ನಾನೂ ಒಂದು ತುಂಡು ತೆಗೆದು ಅವರ ತುರುಬಿಗೆ ಇಟ್ಟೆ. ಊರಿನವರು ಎರಡು ವಾರ ಆಡಿಕೊಂಡರು, ಆಮೇಲೆ ಅವರಿಗೆ ಬೇರೆ ಸುದ್ದಿ ಸಿಕ್ಕಿತು. ಆ ವಾಸನೆ ಈಗ ನನಗೆ ಸಾಮುವೇಲನ ಪೆಟ್ಟಿಗೆಯನ್ನೂ ನೆನಪಿಸುತ್ತದೆ, ಹೊರಡಬೇಕಾದ ಶಾಲೆಯನ್ನೂ ನೆನಪಿಸುತ್ತದೆ.

ಇಲ್ಲಿ ನಿಮಗೊಂದು ತಪ್ಪೊಪ್ಪಿಗೆ. ಹತ್ತು ವರ್ಷದಿಂದ ಪ್ರತಿ ಬೇಸಿಗೆ ಊರಿಗೆ ಬರುವಾಗ ಬಾಯಿ ಸಾಮುವೇಲನ ಗೋರಿಗೆಂದು ಬಾಳೆ ಎಲೆಯಲ್ಲಿ ಮೊಗ್ಗು ಕಟ್ಟಿ ಕೊಡುತ್ತಾರೆ, ನನ್ನ ಜಡೆಗೂ ಮುಡಿಸುತ್ತಾರೆ. ಹುಬ್ಬಳ್ಳಿ ನಿಲ್ದಾಣದಲ್ಲಿ ಗದಗಿನ ಬಸ್ಸು ಹತ್ತುವ ಮೊದಲು ನಾನು ಜಡೆಯ ಹೂವನ್ನು ತೆಗೆದುಬಿಡುತ್ತಿದ್ದೆ, ನಿಮಗೆ ಹೆದರಿ. ಈ ಸಲ ತೆಗೆಯುವುದಿಲ್ಲ. ಅತ್ತೆಗೆ ಮೊದಲೇ ಯಾರಾದರೂ ಇದನ್ನು ಓದಿ ಹೇಳಿಬಿಡಿ.

ಮೊನ್ನೆ ಹಬ್ಬದ ಬೆಳಿಗ್ಗೆ ಪ್ರತಿ ವರ್ಷದಂತೆ ನಾವಿಬ್ಬರೂ ಗೇರುಮರದ ಕೆಳಗೆ ಕುಳಿತಿದ್ದೆವು. ಬಾಯಿಗೆ ಈಗ ಮಂಡಿನೋವು, ಕುಳಿತರೆ ಏಳಲು ನನ್ನ ಭುಜ ಬೇಕು. ಇದ್ದಕ್ಕಿದ್ದಂತೆ ಕೇಳಿದರು.

"ಟೀಚರ್, ಎಲ್ಲರೂ ಏಳುವ ಆ ದಿವಸ ನೀವು ಎಲ್ಲಿ ಏಳುವುದು? ಗದಗದಲ್ಲಿಯಾ, ಇಲ್ಲಿಯಾ?"

"ಹೆಂಗ ಹೇಳ್ಲಿರಿ ಬಾಯಿ? ಅಲ್ಲಿ ಸಾಮುವೇಲ ಅದಾನ."

"ಅವರಿಗೆ ಎಂತ? ಒಳ್ಳೆಯ ಮನುಷ್ಯ, ಒಬ್ಬರೇ ಏಳುತ್ತಾರೆ." ಬಾಯಿ ಸೊಟ್ಟ ಬೆರಳಿನಿಂದ ಸಮಾಧಿಯ ಮೇಲಿನ ಒಣ ಎಲೆಯೊಂದನ್ನು ಸರಿಸಿದರು. "ನೀವು ಇಲ್ಲಿಯೇ ಏಳಿ. ಇವನು ಎದ್ದು ನನ್ನ ಮುಖ ನೋಡುವಾಗ ಪಕ್ಕದಲ್ಲಿ ಒಬ್ಬರು ಬೇಕು ನನಗೆ."