ಟ್ಯಾಂಕರಿಗೊಂದು ಸಂವಿಧಾನ

ಪುಣೆ ಹತ್ತಿರದ ತಳೇಗಾಂವದಲ್ಲಿ ನಾನು ಸೈಟ್ ಇಂಜಿನಿಯರ್ ಆಗಿದ್ದಾಗ, ಯಾದಗಿರಿ ಕಡೆಯ ಕೂಲಿಗಳಿಗೆ ಒಬ್ಬ ಮೇಸ್ತ್ರಿ ಇದ್ದ. ಮಾತಾಡುವ ಮುನ್ನ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಒರೆಸಿ, ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದ. ಆ ಪೆನ್ಸಿಲ್ಲಿನಲ್ಲಿ ಅವನು ಬರೆದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನೀರಿನ ಟ್ಯಾಂಕರ್ ಬಂದರೆ ಜಗಳ ತಪ್ಪುತ್ತಿರಲಿಲ್ಲ. ಒಂದು ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು, ಅವರು ಒಪ್ಪಿದ ಮೂರು ನಿಯಮಗಳನ್ನು ಶೆಡ್ಡಿನ ತಗಡಿನ ಮೇಲೆ ಆಯಿಲ್ ಪೇಂಟಿನಲ್ಲಿ ಬರೆಸಿದ. ಸಾಲು ಮುರಿದವರು, ಯಾರೇ ಆಗಲಿ, ಕೊನೆಗೆ ಹೋಗಬೇಕು ಎಂಬುದು ಎರಡನೆಯದು. ನಾನು ನಕ್ಕೆ.

"ದೇಶಕ್ಕ ಸಂವಿಧಾನ ಅದ. ಟ್ಯಾಂಕರಿಗೆ ಬ್ಯಾಡೇನ್ರಿ?" ಎಂದ. ಆಮೇಲೆ ಯಾರು ಏನು ಕೇಳಿದರೂ ಅದೇ ಉತ್ತರ.

ಮುಂದಿನ ವಾರ ಅವನೇ ತನ್ನ ಕೊಡವನ್ನು ಎಲ್ಲರಿಗಿಂತ ಮುಂದಿಟ್ಟ. ಮೇಸ್ತ್ರಿಯಲ್ಲವೇ, ಅಭ್ಯಾಸ. ಸಾಲಿನಲ್ಲಿದ್ದ ಮುದುಕಿಯೊಬ್ಬಳು ತಗಡಿನ ಕಡೆ ಬೆರಳು ತೋರಿಸಿದಳು. ಅವನು ಪೆನ್ಸಿಲ್ ಒರೆಸಿ, ಕೊಡ ಎತ್ತಿಕೊಂಡು ಕೊನೆಗೆ ಹೋದ. ಸರದಿ ಬರುವಷ್ಟರಲ್ಲಿ ನೀರು ಮುಗಿದಿತ್ತು.

"ಚಾಕ್‌ಪೀಸಲ್ಲಿ ಬರೆಸಿದ್ರೆ ಅಳಿಸಿಬಿಡಬಹುದಿತ್ತಲ್ಲ," ಎಂದೆ.

"ಅಳಸ್ತಿದ್ದೆ ಅಂತ ಗೊತ್ತಿತ್ರಿ. ಅದಕ್ಕ ಪೇಂಟ್ ತರಿಸಿದೆ," ಎಂದು ಖಾಲಿ ಕೊಡ ಹಿಡಿದು ಹೊರಟ.