ಬಂದರಿನ ಮಾಳಿಗೆಯ ವಾರಿಜಾ ಮೇಡಂ

ವಾರಿಜಾ ಮೇಡಂ ಪಾಠ ಮಾಡುತ್ತಿದ್ದುದು ನಮ್ಮ ಬೆನ್ನ ಹಿಂದೆ ನಿಂತು. ಕ್ಲಾಸಿಗೆ ಬಂದವರೇ ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಬೆಂಚುಗಳ ನಡುವೆ ನಡೆದು, ಕೊನೆಯ ಬೆಂಚಿನ ಹಿಂದಿನ ಕಿಟಕಿಗೆ ಒರಗಿ ನಿಲ್ಲುತ್ತಿದ್ದರು. ನಮ್ಮೆದುರು ಉಳಿಯುತ್ತಿದ್ದುದು ಒಂದು ಖಾಲಿ ಕುರ್ಚಿ ಮತ್ತು ಕರಿಹಲಗೆ. ಮೊದಲ ದಿನ ನಾವೆಲ್ಲ ಕತ್ತು ತಿರುಗಿಸಿ ಅವರನ್ನೇ ನೋಡಿದೆವು.

"ನನ್ನ ಮುಖದಲ್ಲಿ ಎಂತದೂ ಬರೆದಿಲ್ಲ ಮಾರಾಯ್ರೆ. ಪುಸ್ತಕ ನೋಡಿ" ಅಂದರು. ಆಮೇಲೆ ತಾವೇ ಕಾರಣವನ್ನೂ ಹೇಳಿದರು. "ಎದುರು ನಿಂತರೆ ನೀವು ನನ್ನ ಹುಬ್ಬು ನೋಡಿಕೊಂಡು ಉತ್ತರ ಹೇಳ್ತೀರಿ. ಹುಬ್ಬು ಸ್ವಲ್ಪ ಮೇಲೆ ಹೋದರೆ ಸಾಕು, ಮಾತೇ ಬದಲಾಗ್ತದೆ. ನನಗೆ ಅದು ಬೇಡ."

ಎತ್ತರದ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚು. ಬಂದರಿನಲ್ಲಿ ಒಣಮೆಣಸಿನ ಗೋದಾಮೊಂದರ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಮೆಣಸಿನ ಘಾಟು ಅವರ ಸೀರೆಗೂ ಹತ್ತಿತ್ತು. ಅವರು ಪಕ್ಕದಲ್ಲಿ ಹಾದುಹೋದಾಗ ಹುಡುಗರು ಬೇಕೆಂದೇ ಸೀನುತ್ತಿದ್ದರು. ಮೇಡಂ ನಿಂತು, ಸೀನಿದವನಿಗೆ ತಮ್ಮ ಕರವಸ್ತ್ರ ಕೊಟ್ಟು ಮುಂದೆ ಹೋಗುತ್ತಿದ್ದರು. ಬಂಟ್ವಾಳದ ಆಚೆಗಿನ ದೊಡ್ಡ ಗುತ್ತಿನ ಮನೆಯ ಮಗಳು, ಗದ್ದೆ ತೋಟ ಎಲ್ಲ ಉಂಟು, ಆದರೂ ಯಾಕೋ ಹೀಗೆ ಎಂದು ಊರು ಮಾತಾಡುತ್ತಿತ್ತು. ಆ ಯಾಕೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಪಡೀಲಿನವಳು. ಅಪ್ಪನದು ಬೀಡಿ ಬ್ರಾಂಚ್. ಸುತ್ತಲಿನ ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿಯನ್ನು ತಂದು ಒಪ್ಪಿಸುವ ಜಾಗ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎ.ಯಲ್ಲಿ ಇಂಗ್ಲಿಷ್ ತೆಗೆದುಕೊಂಡಿದ್ದೆ, ಅದರಲ್ಲಿ ಅಮೆರಿಕನ್ ಸಾಹಿತ್ಯದ ಪೇಪರು ವಾರಿಜಾ ಮೇಡಂ ಪಾಲಿಗೆ ಬಂದಿತ್ತು.

ತನ್ನ ಹಗೆ ತೀರಿಸಿಕೊಳ್ಳಲು ಕಪ್ತಾನನೊಬ್ಬ ಇಡೀ ಹಡಗನ್ನೇ ಮುಳುಗಿಸಿಬಿಡುವ ಹಳೆಯ ಕಾದಂಬರಿಯೊಂದು ನಮಗೆ ಪಾಠಕ್ಕಿತ್ತು. ಅದನ್ನು ಮುಗಿಸಿದ ದಿನ ಹಿಂದಿನಿಂದ ಪ್ರಶ್ನೆ ಬಂತು. "ಕಪ್ತಾನನಿಗೆ ಹುಚ್ಚು, ಸರಿ. ಉಳಿದವರಿಗೆ ಎಂತ ಆಗಿತ್ತು? ಅಷ್ಟು ಜನ ಇದ್ದರಲ್ಲ?"

ನಮ್ಮ ಕ್ಲಾಸಿನಲ್ಲಿ ಪುರಂದರ ಅಂತ ಒಬ್ಬನಿದ್ದ. ಅವನ ಮನೆಯವರು ಮೀನುಗಾರರು. ಅವನು ಎದ್ದು ನಿಂತ. "ದೋಣಿಯಲ್ಲಿ ಚುಕ್ಕಾಣಿ ಹಿಡಿದ ತಂಡೇಲ ಹೇಳಿದ ಹಾಗೆ ಕೇಳಬೇಕು ಮೇಡಂ. ಒಬ್ಬೊಬ್ಬ ಒಂದೊಂದು ಹೇಳಿದರೆ ದೋಣಿ ಮಗುಚ್ತದೆ. ಎಲ್ಲರೂ ಸಾಯುವುದೇ."

"ಸರಿ ಹೇಳಿದೆ. ತಂಡೇಲ ದಾರಿ ತಪ್ಪಿದ್ದಾನೆ ಅಂತ ನಿನಗೆ ಗೊತ್ತಾಯ್ತು. ಆಗ?"

ಪುರಂದರ ಸುಮ್ಮನೆ ನಿಂತ.

"ಈಗ ಸುಮ್ಮನೆ ನಿಂತೆ ನೋಡು," ಮೇಡಂ ಮೆತ್ತಗೆ ಅಂದರು, "ಆ ಪುಸ್ತಕ ಬರೆದದ್ದೇ ಅದರ ಬಗ್ಗೆ. ಕೂತುಕೋ."

ಆ ಪುಸ್ತಕಗಳು ನನ್ನನ್ನು ಹಿಡಿದುಕೊಂಡುಬಿಟ್ಟವು. ಅವುಗಳಲ್ಲಿ ಎಲ್ಲರೂ ಹೊರಟು ಹೋಗುವವರೇ. ಒಬ್ಬ ಕಾಡಿಗೆ, ಒಬ್ಬ ಕಡಲಿಗೆ, ಇನ್ನೊಬ್ಬ ಹೊಳೆಯ ಗುಂಟ. ಊರವರು ಹೇಳಿದ್ದು ಸರಿಯಲ್ಲ ಅನಿಸಿದರೆ ಬಾಗಿಲು ತೆಗೆದು ನಡೆದರಾಯಿತು. ಪಡೀಲಿನ ಜಗಲಿಯಲ್ಲಿ ಕೂತು ಓದುವಾಗ ನನಗೂ ಎದ್ದು ಹೊರಡಬೇಕು ಅನಿಸುತ್ತಿತ್ತು. ಆದರೆ ನಾನು ಹೊರಟರೆ ಎಲ್ಲಿಗೆ? ಬಸ್ಸು ಹತ್ತಿದರೆ ಕಂಡಕ್ಟರನೇ ಅಪ್ಪನ ಪರಿಚಯದವ. ಆ ಸಿಟ್ಟಿನಲ್ಲೇ ಒಮ್ಮೆ ಟೆಸ್ಟಿನಲ್ಲಿ ಬರೆದೆ: 'ಈ ಪುಸ್ತಕಗಳಲ್ಲಿ ಮನೆ ಬಿಟ್ಟು ಹೋಗುವ ಯಾರಿಗೂ ಅಮ್ಮ ಇಲ್ಲ. ಇದ್ದಿದ್ದರೆ ಇಷ್ಟು ಸುಲಭವಾಗಿ ಹೋಗುತ್ತಿರಲಿಲ್ಲ.'

ಮೇಡಂ ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. "ಇದು ಯಾವ ಗೈಡಿನಲ್ಲಿ ಉಂಟು?"

"ಗೈಡಿನಲ್ಲಿ ಇಲ್ಲ ಮೇಡಂ."

ಅವರು ಹಾಳೆಯನ್ನು ಮತ್ತೊಮ್ಮೆ ಓದಿದರು. "ಹಾಗಾದರೆ ಇದರ ಬಗ್ಗೆ ಇನ್ನೂ ಬರೆದುಕೊಂಡು ಬಾ. ಮಾರ್ಕಿಗೆ ಅಲ್ಲ. ನನಗೆ ಓದಲಿಕ್ಕೆ."

ಅಂದಿನಿಂದ ನಾನು ಅವರ ಹಿಂದೆಯೇ ಸುತ್ತಿದೆ. ಅವರ ಹಾಗೆ ಸೆರಗು ಹೊದ್ದುಕೊಂಡೆ, ಅವರ ಹಾಗೆ ಮಾತಿನ ನಡುವೆ ತಡೆದು ನಿಲ್ಲುವುದನ್ನು ಕಲಿತೆ. ಅಣ್ಣ ದುಬೈಯಿಂದ ಚಿನ್ನದ ಬಣ್ಣದ ಪುಟ್ಟ ವಾಚು ತಂದುಕೊಟ್ಟಾಗ, ದೊಡ್ಡದು ಬೇಕಿತ್ತು ಎಂದು ಹಟ ಮಾಡಿ ಬೈಸಿಕೊಂಡೆ.

ಅದು ತುರ್ತುಪರಿಸ್ಥಿತಿಯ ಕಾಲ. ಮಂತ್ರಿಯೊಬ್ಬರು ಊರಿಗೆ ಬರುವವರಿದ್ದರು. ವಿದ್ಯಾರ್ಥಿಗಳು ಬಾವುಟ ಹಿಡಿದು ಮಾರ್ಗದ ಎರಡೂ ಬದಿಗೆ ನಿಲ್ಲಬೇಕು, ಹಾಜರಿಯನ್ನು ಅಲ್ಲಿಯೇ ಹಾಕಲಾಗುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಸುತ್ತೋಲೆ ಬಂತು. ಜವಾನ ಅದನ್ನು ಓದಿ ಹೋದ ಮೇಲೆ ಮೇಡಂ ಹೇಳಿದರು: "ನನಗೆ ಈಗ ಕ್ಲಾಸ್ ಉಂಟು, ನಾನು ಇಲ್ಲೇ ಇರ್ತೇನೆ. ಹೋಗುವವರು ಹೋಗಿ. ಯಾರಿಗೂ ನಾನು ಎಂತದೂ ಹೇಳುವುದಿಲ್ಲ."

ಹೆಚ್ಚಿನವರು ಎದ್ದು ಹೋದರು. ಪುರಂದರ, ನಾನು, ಇನ್ನು ಕೆಲವರು ಉಳಿದೆವು. ಮೇಡಂ ಅಂದು ಮೊದಲ ಸಲ ಎದುರಿಗೆ ಬಂದು ನಿಂತು, ಯಾಕೆ ಹೋಗಲಿಲ್ಲ ಎಂದು ಒಬ್ಬೊಬ್ಬರನ್ನೇ ಕೇಳಿದರು. "ಆ ಮಂತ್ರಿಗೆ ಕೈ ಬೀಸಲಿಕ್ಕೆ ನನಗೆ ಮನಸ್ಸಿಲ್ಲ" ಅಂದ ಪುರಂದರ. ಒಬ್ಬಳು ಬಿಸಿಲು ಅಂದಳು. ಮೇಡಂ ಎರಡಕ್ಕೂ ತಲೆಯಾಡಿಸಿದರು. ನನ್ನ ಸರದಿ ಬಂತು. ನಾನು ಹೆಮ್ಮೆಯಿಂದಲೇ ಅಂದೆ: "ನೀವು ಇದ್ದೀರಿ ಅಂತ ಮೇಡಂ."

ಅವರ ಮುಖ ಗಂಭೀರವಾಯಿತು. "ಹಾಗಾದರೆ ನೀನು ಹೋಗು."

ನನಗೆ ಅರ್ಥವಾಗಲಿಲ್ಲ.

"ಹೋಗು ಶಶಿ. ಅವರು ಹೇಳಿದ್ದಕ್ಕೆ ಅಲ್ಲಿ ನಿಲ್ಲುವುದಕ್ಕೂ ನನಗೋಸ್ಕರ ಇಲ್ಲಿ ಕೂರುವುದಕ್ಕೂ ಎಂತ ವ್ಯತ್ಯಾಸ? ಅಲ್ಲಿ ಹಾಜರಿಯಾದರೂ ಸಿಗ್ತದೆ."

ನಾನು ಹೋದೆ. ಮಾರ್ಗದ ಬದಿಯಲ್ಲಿ ಯಾರೋ ಕೈಗೆ ಬಾವುಟ ತುರುಕಿದರು. ಕಾರುಗಳ ಸಾಲು ಹಾದುಹೋಯಿತು, ನಾನು ಅಳುತ್ತ ಬಾವುಟ ಬೀಸಿದೆ. ಪಕ್ಕದಲ್ಲಿದ್ದ ಪೊಲೀಸಿನವನು ನನ್ನ ಕಣ್ಣೀರನ್ನು ಭಕ್ತಿ ಎಂದುಕೊಂಡನೋ ಏನೋ, ಮುಂದೆ ನಿಲ್ಲಲು ಜಾಗ ಮಾಡಿಕೊಟ್ಟ. ಆ ಅವಮಾನದಲ್ಲಿ ಬಹಳ ದಿನ ನಾನು ಮೇಡಂ ಜೊತೆ ಮಾತಾಡಲಿಲ್ಲ. ಅವರಾಗಿ ಮಾತಾಡಿಸಲೂ ಇಲ್ಲ.

ತಪ್ಪಾಯಿತೆಂದು ಬರೆದುಕೊಡಿ ಎಂದು ಪ್ರಿನ್ಸಿಪಾಲರು ಅವರನ್ನು ಕೇಳಿದರಂತೆ. ಪಾಠ ಮಾಡಿದ್ದು ತಪ್ಪು ಅಂತ ಹೇಗೆ ಬರೆಯುವುದು ಎಂದು ಇವರು ಬರೆದುಕೊಡಲಿಲ್ಲವಂತೆ. ಆ ವರ್ಷ ಮುಗಿಯುತ್ತಿದ್ದಂತೆ, ಮುಂದಿನ ವರ್ಷಕ್ಕೆ ತಾವು ಬೇಡ ಎಂಬ ಮಾತು ಅವರಿಗೆ ಬಂತು.

ಅದೇ ದಿನಗಳಲ್ಲಿ ನನಗೆ ಗಂಡು ಗೊತ್ತಾಯಿತು. ಅಣ್ಣನ ಜೊತೆ ದುಬೈಯಲ್ಲಿದ್ದ ಹುಡುಗ, ಒಳ್ಳೆಯವನೇ. ನನಗೋ ಎಂ.ಎ. ಓದುವ ಆಸೆ. ಸಿಟ್ಟು ಬಿಟ್ಟು ಬಂದರಿಗೆ ಹೋದೆ. ಮೀನು ಮಾರುವವರ ಗದ್ದಲ ದಾಟಿ, ಮೂಟೆಗಳ ನಡುವಿನ ಮರದ ಏಣಿ ಹತ್ತಿದರೆ ಮೇಡಂ ಕೋಣೆ. ಒಂದು ಮಂಚ, ಒಂದು ಕುರ್ಚಿ, ಗೋಡೆಯುದ್ದಕ್ಕೂ ಪುಸ್ತಕ. ಕಿಟಕಿಯಾಚೆ ಹೊಳೆ, ಅದರಲ್ಲಿ ಹೆಂಚು ತುಂಬಿದ ಮಂಜಿ ದೋಣಿಗಳು.

"ನೀವು ಬಂದು ಅಪ್ಪನಿಗೆ ಒಂದು ಮಾತು ಹೇಳಿ ಮೇಡಂ. ನಿಮ್ಮ ಮಾತು ಕೇಳ್ತಾರೆ."

"ನಾನು ಬರುವುದಿಲ್ಲ."

"ನಾನು ಎಂತ ಮಾಡಬೇಕು ಅಂತ ಆದರೂ ಹೇಳಿ."

"ಅದೂ ಇಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮತ್ತೆ ಕ್ಲಾಸಿನಲ್ಲಿ ಅಷ್ಟೆಲ್ಲ ಹೇಳಿದ್ದು ಎಂತಕ್ಕೆ?" ಎಂದು ಕೂಗಿಯೇ ಬಿಟ್ಟೆ.

ಅವರು ಚಾ ಮಾಡಿ ಕೊಟ್ಟು, ಮಂಚದ ತುದಿಯಲ್ಲಿ ಕೂತು, ಮೊದಲ ಬಾರಿಗೆ ತಮ್ಮ ಕತೆ ಹೇಳಿದರು. ಗುತ್ತಿನ ಮನೆಯಲ್ಲಿ ವಂಶ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಆ ಮನೆಯ ಒಬ್ಬಳೇ ಮಗಳು ಇವರು. ಯಜಮಾನರಾಗಿದ್ದ ಸೋದರಮಾವ ನೋಡಿದ ಗಂಡನ್ನು ಇವರು ಬೇಡವೆಂದರು. ಮಾವ ಬೈಯಲಿಲ್ಲ, ಹೊಡೆಯಲಿಲ್ಲ. ಈ ಮನೆ ನಿನ್ನಿಂದ ನಿಂತುಹೋಯಿತು ಎಂದಷ್ಟೇ ಹೇಳಿ ಮಾತು ಬಿಟ್ಟರು. ಅಣ್ಣನಾದ ಆ ಮಾವನ ಮಾತು ಮೀರಲಾರದೆ ಅಮ್ಮನೂ ಬಿಟ್ಟರು.

"ಇಲ್ಲ ಅನ್ನುವುದು ಒಂದು ದಿನದ ಕೆಲಸ ಶಶಿ. ಆಮೇಲೆ ದಿನಾ ಅದನ್ನು ಎದುರಿಗಿಟ್ಟುಕೊಂಡು ಒಬ್ಬಳೇ ಊಟ ಮಾಡಬೇಕು. ಪುಸ್ತಕದಲ್ಲಿ ಆ ಊಟದ ಬಗ್ಗೆ ಬರೆದಿಲ್ಲ. ನಾನು ಹೇಳಿದೆ ಅಂತ ನೀನು ಇಲ್ಲ ಅಂದರೆ, ನಾಳೆ ಊಟ ಸೇರದೇ ಹೋದಾಗ ನನ್ನನ್ನು ಬೈತೀಯ. ಬೈದರೆ ಬೈಯಿ, ತೊಂದರೆ ಇಲ್ಲ. ಆದರೆ ಹೊಟ್ಟೆ ತುಂಬುವುದಿಲ್ಲ."

ನಾನು ಚಾ ಕುಡಿಯದೆ ಎದ್ದು ಬಂದೆ. ಮರುದಿನ ಸಂಜೆ ಬ್ರಾಂಚಿನಲ್ಲಿ ಹೆಂಗಸರೆಲ್ಲ ಹೋದ ಮೇಲೆ ಅಪ್ಪನೆದುರು ನಿಂತೆ.

"ಅಪ್ಪ, ನನಗೆ ಈಗ ಮದುವೆ ಬೇಡ. ಓದಬೇಕು."

ಅಪ್ಪ ತಕ್ಕಡಿ ಒರೆಸುತ್ತಿದ್ದವರು ತಲೆಯೆತ್ತಲಿಲ್ಲ. "ನಿನ್ನ ಆ ಮೇಡಂ ಹೇಳಿಕೊಟ್ಟದ್ದಾ?"

"ಅಲ್ಲ. ಅವರು ಎಂತ ಹೇಳ್ಲಿಕ್ಕೂ ಒಪ್ಪಲಿಲ್ಲ. ಇದು ನಾನೇ ಹೇಳುವುದು."

ಅಪ್ಪ ಆಗ ನನ್ನನ್ನು ನೋಡಿದರು. ಯಾರದೋ ಮನೆಯ ಹುಡುಗಿಯನ್ನು ನೋಡುವಂತೆ ನೋಡಿದರು. "ಬೇರೆಯವರು ಹೇಳಿದ್ದಾಗಿದ್ದರೆ ಅವರ ಹತ್ತಿರವೇ ಮಾತಾಡ್ತಿದ್ದೆ" ಅಂದರು. ಮತ್ತೆ ತಕ್ಕಡಿಗೆ ಬಾಗಿ, "ಅಣ್ಣನಿಗೆ ನಾನು ಹೇಳ್ತೇನೆ. ಅವ ಸಿಟ್ಟು ಮಾಡಿದರೆ ನೀನು ತಡೆದುಕೊಳ್ಳಬೇಕು" ಅಂದರು. ಅಣ್ಣ ಸಿಟ್ಟು ಮಾಡಿದ. ಎರಡು ವರ್ಷ ಮಾತು ಬಿಟ್ಟ. ನಾನು ತಡೆದುಕೊಂಡೆ.

ಅಪ್ಪ ಒಪ್ಪಿದ ಸುದ್ದಿ ಹೇಳಲು ಮತ್ತೆ ಬಂದರಿನ ಏಣಿ ಹತ್ತಿದಾಗ, ಆ ಒಂದೇ ಕುರ್ಚಿಯಲ್ಲಿ ಬೆಳ್ಳಗಿನ ಮುದುಕಿಯೊಬ್ಬರು ಕೂತು ಬಸಳೆ ಸೋಸುತ್ತಿದ್ದರು. ಮೇಡಂ ನೆಲದ ಮೇಲೆ ಕೂತಿದ್ದರು. ಅವರ ಕಣ್ಣು ಕೆಂಪಾಗಿತ್ತು, ಮುಖದಲ್ಲಿ ನಗುವಿತ್ತು.

"ನನ್ನ ಅಮ್ಮ" ಅಂದರು. "ಕೆಲಸ ಹೋಯಿತು ಅಂತ ಯಾರೋ ಹೇಳಿದರಂತೆ. ಮಾವನಿಗೆ ಹೇಳಿಯೇ ಬಸ್ಸು ಹತ್ತಿ ಬಂದಿದ್ದಾರೆ."

"ಕೇಳಲಿಲ್ಲ, ಹೇಳಿದೆ" ಅಂದರು ಆ ತಾಯಿ, ಬಸಳೆಯಿಂದ ಕಣ್ಣೆತ್ತದೆ. "ಮಗಳು ಉಪವಾಸ ಬಿದ್ದರೆ ಅಣ್ಣ ಬಂದು ನೋಡ್ತಾನಾ?"

ಮೇಡಂಗೆ ಮದ್ರಾಸಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ತಾಯಿ ಮಗಳು ಇಬ್ಬರೂ ಹೊರಟರು. ಅವರನ್ನು ಬೀಳ್ಕೊಡಲು ಸ್ಟೇಷನ್ನಿಗೆ ನಾನೂ ಪುರಂದರನೂ ಹೋಗಿದ್ದೆವು. ರೈಲು ಕಣ್ಮರೆಯಾದ ಮೇಲೆ ಊರಿಗೆ ಊರೇ ಖಾಲಿಯಾದ ಹಾಗಿತ್ತು. ಆಮೇಲೆ ಎಂ.ಎ. ಮುಗಿಸಿದೆ, ಸುರತ್ಕಲ್ ಕಡೆಯ ಕಾಲೇಜಿನಲ್ಲಿ ಅಧ್ಯಾಪಕಿಯಾದೆ. ಒಂದೊಂದು ಪಾಠ ಮುಗಿದಾಗಲೂ, ಇದನ್ನು ಮೇಡಂ ಹೇಗೆ ಕೇಳುತ್ತಿದ್ದರು ಎಂದು ಮನಸ್ಸು ಮದ್ರಾಸಿಗೆ ಓಡುತ್ತಿತ್ತು.

ಎಂಬತ್ತರ ದಶಕದ ನಡುವೆ ಯಾವುದೋ ಕೆಲಸಕ್ಕೆ ಮದ್ರಾಸಿಗೆ ಹೋಗುವುದಾಯಿತು. ವಿಳಾಸ ಹುಡುಕಿ ಹೋದೆ. ತಾಯಿ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಮೇಡಂ ಬಹಳ ಇಳಿದಿದ್ದರು. ಹೃದಯದ ಕಾಯಿಲೆ, ಮೆಟ್ಟಿಲು ಹತ್ತಬಾರದಂತೆ. ಎರಡು ದಿನ ಇದ್ದೆ. ಹೊರಡುವ ಬೆಳಿಗ್ಗೆ ಚೀಲ ಎತ್ತಿಕೊಂಡಾಗ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಶಶಿ, ಇನ್ನೊಂದು ದಿನ ಇರ್ತೀಯಾ?"

ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ. ಚೀಲ ಕೆಳಗಿಟ್ಟೆ. ಬರುವುದು ಒಂದು ದಿನ ತಡವಾಗುತ್ತದೆ ಎಂದು ಕಾಲೇಜಿಗೆ ತಂತಿ ಕಳಿಸಿದೆ.

ಸಂಜೆ ಸಮುದ್ರದ ಬದಿಗೆ ಹೋದೆವು. ಅವರು ನನ್ನ ತೋಳು ಹಿಡಿದು, ನಿಂತು ನಿಂತು ನಡೆದರು. ಮರಳಿನಲ್ಲಿ ಕೂತ ಮೇಲೆ ನೀರನ್ನೇ ನೋಡುತ್ತ ಅಂದರು: "ಇಷ್ಟು ವರ್ಷ ಆಯಿತು, ನನಗೆ ಇನ್ನೂ ಇಲ್ಲಿ ದಿಕ್ಕು ತಪ್ಪುತ್ತದೆ ಮಾರಾಯ್ತಿ. ಸಂಜೆ ಸಮುದ್ರದ ಎದುರು ಕೂತರೆ ಸೂರ್ಯ ಈಗ ಇಳಿಯುತ್ತಾನೆ, ಈಗ ಇಳಿಯುತ್ತಾನೆ ಅಂತ ಕಾಯ್ತೇನೆ. ಇಲ್ಲಿ ಅವ ಬೆನ್ನ ಹಿಂದೆ, ನಮ್ಮ ಊರಿನ ಕಡೆ ಮುಳುಗುವುದು. ನಮ್ಮ ಕಡಲು ಆ ಬದಿಯಲ್ಲಿ ಅಲ್ಲವಾ."

ಆ ಮಳೆಗಾಲದಲ್ಲಿ ಅವರು ಹೋದರು. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು. ಈಗಲೂ ಸುರತ್ಕಲ್ಲಿನಲ್ಲಿ ಸಂಜೆ ಕ್ಲಾಸು ಬಿಟ್ಟು ಬರುವಾಗ ಕಡಲಿಗೆ ಸೂರ್ಯ ಇಳಿಯುವುದು ಕಾಣುತ್ತದೆ. ಬಸ್ಸು ಬಂದರೂ ಹತ್ತದೆ ನಿಲ್ಲುತ್ತೇನೆ. ಪೂರ್ತಿ ಮುಳುಗಿದ ಮೇಲೆ ಮುಂದಿನ ಬಸ್ಸಿಗೆ ಮನೆಗೆ ಹೋಗುತ್ತೇನೆ.